ಬೀಗದ ಗುಟ್ಟು ಮತ್ತು ‘ಸೂಕ್ತ’ ಎಂಬ ಪದ



ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಹೆಸರು ಬೇಡ, ಅವನ ತರಗತಿಯವರು ಊಹಿಸಿಕೊಂಡರೆ ನನ್ನ ಅಭ್ಯಂತರವಿಲ್ಲ. ಇತಿಹಾಸದ ಪರೀಕ್ಷೆಯಲ್ಲಿ ಇಸವಿಗಳನ್ನೆಲ್ಲ ತಪ್ಪಾಗಿ ಬರೆದು, ಉತ್ತರಪತ್ರಿಕೆಯ ಅಂಚಿನಲ್ಲಿ ಯಂತ್ರಗಳ ಚಿತ್ರವನ್ನು ಮಾತ್ರ ಅಚ್ಚುಕಟ್ಟಾಗಿ ಬಿಡಿಸುತ್ತಿದ್ದ ಹುಡುಗ. ಈಗ ಒಂದು ಸಣ್ಣ ಕಾರ್ಖಾನೆಯ ಒಡೆಯ. ಧೂಳು, ಮಳೆ, ತುಕ್ಕುಗಳಿಗೆ ಜಗ್ಗದ ಹೊಸ ಬಗೆಯ ಲಿವರ್ ಬೀಗವೊಂದನ್ನು ರೂಪಿಸಿದ್ದಾನೆ. ಪೇಟೆಂಟಿಗಾಗಿ ತಾತ್ಕಾಲಿಕ ಅರ್ಜಿಯನ್ನು ಈಗಾಗಲೇ ಸಲ್ಲಿಸಿದ್ದು, ಹನ್ನೆರಡು ತಿಂಗಳೊಳಗೆ ಪೂರ್ಣ ವಿವರಣೆಯನ್ನು ಕೊಡಬೇಕಾಗಿತ್ತು. ಅದರ ಕರಡನ್ನು ನನ್ನ ಮುಂದಿಟ್ಟು, “ಸಾರ್, ಇಂಗ್ಲಿಷ್ ಒಂದು ಸಲ ತಿದ್ದಿಕೊಡಿ” ಎಂದ.

ಓದಿದೆ. ವ್ಯಾಕರಣದಲ್ಲಿ ದೋಷವಿರಲಿಲ್ಲ. ಆದರೆ ಒಂದು ಪದ ಮತ್ತೆ ಮತ್ತೆ ಕಣ್ಣಿಗೆ ಬೀಳತೊಡಗಿತು. ‘ಸೂಕ್ತ ಲೋಹದ ಪಟ್ಟಿ’, ‘ಸೂಕ್ತ ಅಂತರದಲ್ಲಿ ಜೋಡಿಸಿ’, ‘ಸೂಕ್ತವಾಗಿ ಹದಗೊಳಿಸಿ’. ಪೆನ್ಸಿಲಿನಿಂದ ಗುರುತು ಹಾಕುತ್ತ ಹೋದೆ; ಹನ್ನೊಂದು ಸಲ ಬಂದಿತ್ತು. “ಸೂಕ್ತ ಅಂತರ ಎಂದರೆ ಎಷ್ಟಪ್ಪ?” ಎಂದು ಕೇಳಿದೆ. ಅವನು ನಕ್ಕು, “ಅದೇ ಸಾರ್ ಗುಟ್ಟು. ಅದನ್ನೂ ಬರೆದುಬಿಟ್ಟರೆ ನಾಳೆಯೇ ಇನ್ನೊಬ್ಬ ಮಾಡಿ ಮಾರುತ್ತಾನೆ. ಮೂರು ವರ್ಷದ ಶ್ರಮ, ಹೆಂಡತಿಯ ಒಡವೆ ಎಲ್ಲ ಇದರಲ್ಲಿದೆ” ಎಂದ.

ಆ ಕ್ಷಣಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕಾನೂನು ನನ್ನ ವಿಷಯವಲ್ಲ. ಆದರೆ ಇತಿಹಾಸ ನನ್ನ ವಿಷಯ. ಒಂದು ವಾರ ಸಮಯ ಕೇಳಿ ಅವನನ್ನು ಕಳುಹಿಸಿಕೊಟ್ಟೆ. ಆ ವಾರದಲ್ಲಿ ನಾನು ಓದಿ ತಿಳಿದುದೂ, ಅವನಿಗೆ ಹೇಳಿದುದೂ ಈ ಲೇಖನದಲ್ಲಿದೆ.

ಪೇಟೆಂಟ್ ಎನ್ನುವುದನ್ನು ನಮ್ಮ ಜನ ಸಾಮಾನ್ಯವಾಗಿ ಬಹುಮಾನವೆಂದು ತಿಳಿಯುತ್ತಾರೆ. ಅದು ಬಹುಮಾನವಲ್ಲ, ಒಪ್ಪಂದ. ಸರ್ಕಾರವು ಆವಿಷ್ಕಾರ ಮಾಡಿದವನಿಗೆ, ‘ಇಷ್ಟು ವರ್ಷ ನೀನಲ್ಲದೆ ಇನ್ನಾರೂ ಇದನ್ನು ಮಾಡದಂತೆ ನಿನಗೆ ಹಕ್ಕು ಕೊಡುತ್ತೇವೆ, ಪ್ರತಿಯಾಗಿ ಇದನ್ನು ಹೇಗೆ ಮಾಡುವುದೆಂದು ನೀನು ಲೋಕಕ್ಕೆ ಬರೆದು ಕೊಡಬೇಕು’ ಎನ್ನುತ್ತದೆ. ಅವಧಿ ಮುಗಿದ ಮೇಲೆ ಆ ವಿದ್ಯೆ ಎಲ್ಲರ ಸ್ವತ್ತು. ಒಪ್ಪಂದದ ಎರಡನೆಯ ಭಾಗವನ್ನು ಸ್ಪಷ್ಟವಾಗಿ ಎತ್ತಿ ಹೇಳಿದವರಲ್ಲಿ ಮುಖ್ಯನು ಇಂಗ್ಲೆಂಡಿನ ಮುಖ್ಯ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್. 1778ರಲ್ಲಿ ಅವನ ಮುಂದೆ ಬಂದದ್ದು ಗೋಡೆಗೆ ಬಳಿಯುವ ಗಾರೆಯ ಮೊಕದ್ದಮೆ. ಜಾನ್ ಲಿಯಾರ್ಡೆ ಎಂಬವನು ಹೊಸ ಬಗೆಯ ಗಾರೆಗೆ ಪೇಟೆಂಟ್ ಪಡೆದಿದ್ದ. ಆ ಸಂದರ್ಭದಲ್ಲಿ ಮ್ಯಾನ್ಸ್‌ಫೀಲ್ಡ್ ಮುಂದಿಟ್ಟ ಅಳತೆಗೋಲು ಸರಳವಾದುದು: ಪೇಟೆಂಟಿನ ಅವಧಿ ತೀರಿದ ಮೇಲೆ ಆ ಕಸುಬಿನಲ್ಲಿ ಪಳಗಿದವನು ಕಾಗದವನ್ನು ಓದಿ ವಸ್ತುವನ್ನು ತಯಾರಿಸುವಂತಿರಬೇಕು. ಹಾಗಿಲ್ಲದಿದ್ದರೆ ಒಪ್ಪಂದವೇ ಮುರಿದಂತೆ.

ಇಲ್ಲಿ ಓದುಗನು ಯಾರೆಂಬುದನ್ನು ಗಮನಿಸಬೇಕು. ನನ್ನಂಥ ಮೇಷ್ಟರಲ್ಲ, ಕಾರಕೂನನಲ್ಲ, ನ್ಯಾಯಾಧೀಶನೂ ಅಲ್ಲ. ಬೀಗದ ವಿಷಯವಾದರೆ ಬೀಗ ಮಾಡುವವನೇ ಓದುಗ. ಅವನಿಗೆ ಅರ ಹಿಡಿಯುವುದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಅವನು ಅದುವರೆಗೆ ಕಾಣದ ಸಂಗತಿಯನ್ನು ಅವನ ಊಹೆಗೆ ಬಿಡುವಂತೆಯೂ ಇಲ್ಲ.

ಈ ಅಳತೆಗೋಲಿಗೆ ಸಿಕ್ಕಿ ಸೋತವನನ್ನು ನೀವೆಲ್ಲ ಬಲ್ಲಿರಿ. ಹೊಂದಿಸಿ ಬರೆಯುವ ಪ್ರಶ್ನೆಯಲ್ಲಿ ಹಾರ್‌ಗ್ರೀವ್ಸ್‌ಗೆ ಸ್ಪಿನ್ನಿಂಗ್ ಜೆನ್ನಿ, ಕ್ರಾಂಪ್ಟನ್‌ಗೆ ಮ್ಯೂಲ್, ಆರ್ಕ್‌ರೈಟ್‌ಗೆ ವಾಟರ್ ಫ್ರೇಮ್ ಎಂದು ಗೆರೆ ಎಳೆದಿದ್ದೀರಿ. ಆ ರಿಚರ್ಡ್ ಆರ್ಕ್‌ರೈಟ್ 1775ರಲ್ಲಿ ಹತ್ತಿಯನ್ನು ಹಿಂಜಿ ಹದಮಾಡುವ ಯಂತ್ರಗಳಿಗೆ ಇನ್ನೊಂದು ಪೇಟೆಂಟ್ ಪಡೆದ. ಆದರೆ ಅದರ ವಿವರಣೆಯನ್ನು ಬೇಕೆಂದೇ ಮಸುಕಾಗಿ ಬರೆದಿದ್ದ. ಹತ್ತಿಯ ಕೆಲಸಕ್ಕೆ ಬೇಡದ ಸಲಕರಣೆಯನ್ನೂ ಅದರಲ್ಲಿ ಸೇರಿಸಿದ್ದ. ವಿದೇಶೀಯರ ಕೈಗೆ ಗುಟ್ಟು ಸಿಗದಿರಲೆಂದು ಹೀಗೆ ಮಾಡಿದೆನೆಂಬುದು ಅವನ ಸಮಜಾಯಿಷಿ. 1781ರಲ್ಲಿ ಒಂದು ಮೊಕದ್ದಮೆಯಲ್ಲಿ ಸೋತ; 1785ರ ಫೆಬ್ರವರಿಯಲ್ಲಿ ಇನ್ನೊಂದರಲ್ಲಿ ಗೆದ್ದ. ಅದೇ ವರ್ಷ ಜೂನ್‌ನಲ್ಲಿ ಪೇಟೆಂಟೇ ರದ್ದಾಯಿತು. ಯಂತ್ರಗಳು ನಿಜವಾಗಿ ಅವನವೇ ಎಂಬ ಪ್ರಶ್ನೆಯೂ ಅಲ್ಲಿತ್ತು. ಆದರೆ ವಿವರಣೆ ಸಾಲದೆಂಬುದು ಮುಖ್ಯ ಆಕ್ಷೇಪಗಳಲ್ಲೊಂದು. ಬಚ್ಚಿಟ್ಟು ಉಳಿಸಿಕೊಳ್ಳಹೊರಟವನು ಇದ್ದುದನ್ನೂ ಕಳೆದುಕೊಂಡ.

ಇಷ್ಟು ತಿಳಿದ ಮೇಲೆ ಬೀಗದ ಮಾತಿಗೆ ಬರೋಣ. ಬೇರೆ ವಸ್ತುಗಳಿಗಿಂತ ಬೀಗದ ವಿಷಯದಲ್ಲಿ ಈ ಒಪ್ಪಂದ ಹೆಚ್ಚು ಇಕ್ಕಟ್ಟಿನದು. ಬೀಗವಿರುವುದೇ ಮುಚ್ಚಿಡುವುದಕ್ಕೆ, ಪೇಟೆಂಟ್ ಇರುವುದು ಬಿಚ್ಚಿಡುವುದಕ್ಕೆ. ಬೀಗ ಮಾಡುವ ಬಗೆಯನ್ನು ಊರಿಗೆಲ್ಲ ಸಾರಿದರೆ ಕಳ್ಳನಿಗೂ ತಿಳಿಯುವುದಿಲ್ಲವೇ?

ಆ ಕಾಲದ ಇಂಗ್ಲೆಂಡಿನಲ್ಲಿ ಬೀಗದ ವಿದ್ಯೆ ದೊಡ್ಡ ಹೆಜ್ಜೆ ಇಟ್ಟಿತ್ತು. 1778ರಲ್ಲಿ ರಾಬರ್ಟ್ ಬ್ಯಾರನ್ ಎಂಬವನು ಲಿವರ್ ಬೀಗವೊಂದಕ್ಕೆ ಪೇಟೆಂಟ್ ಪಡೆದ. ಅದಕ್ಕೆ ಮುಂಚಿನ ಬೀಗಗಳಲ್ಲಿ ಒಳಗಿನ ಸನ್ನೆಯನ್ನು ಮೇಲಕ್ಕೆತ್ತಿದರೆ ಸಾಕು, ಅಗುಳಿ ಸರಿಯುತ್ತಿತ್ತು. ಬ್ಯಾರನ್ನನ ಬೀಗದಲ್ಲಿ ಸನ್ನೆಯನ್ನು ಸರಿಯಾದ ಎತ್ತರಕ್ಕೇ ಎತ್ತಬೇಕು; ಕಡಿಮೆಯಾದರೂ ತಡೆ, ಹೆಚ್ಚಾದರೂ ತಡೆ. ನಮ್ಮ ಮನೆಗಳ ಬೀಗದ ಮೇಲೆ ‘6 ಲಿವರ್’, ‘7 ಲಿವರ್’ ಎಂದು ಕೊರೆದಿರುತ್ತದಲ್ಲ, ಅವೆಲ್ಲ ಈ ತತ್ತ್ವದ ಮೊಮ್ಮಕ್ಕಳೇ.

ಆರು ವರ್ಷಗಳ ಮೇಲೆ, 1784ರಲ್ಲಿ, ಜೋಸೆಫ್ ಬ್ರಾಮಾ ತನ್ನ ಬೀಗಕ್ಕೆ ಪೇಟೆಂಟ್ ಪಡೆದ. ಇವನು ಯಾರ್ಕ್‌ಷೈರಿನ ರೈತನ ಮಗ, 1748ರಲ್ಲಿ ಹುಟ್ಟಿದವನು. ಕಾಲಿಗೆ ಪೆಟ್ಟಾಗಿ ಹೊಲದ ಕೆಲಸಕ್ಕೆ ಒದಗದೆ ಬಡಗಿಯ ಬಳಿ ಕಸುಬು ಕಲಿತು ಲಂಡನ್ ಸೇರಿದ್ದ. ಅವನ ಬೀಗದ ಕೈ ಚಪ್ಪಟೆಯಲ್ಲ, ಸಣ್ಣ ಕೊಳವೆ. ಅದರ ತುದಿಯಲ್ಲಿ ಬೇರೆ ಬೇರೆ ಆಳದ ಸೀಳುಗಳು. ಬೀಗದೊಳಗೆ ಒಂದು ಉರುಳೆ. ಅದರ ಸುತ್ತ ನಿಂತ ಸಣ್ಣ ಸಣ್ಣ ಜಾರುಪಟ್ಟಿಗಳು. ಅವನ್ನು ಹೊರಕ್ಕೆ ತಳ್ಳುತ್ತಿರುವ ಒಂದು ಸ್ಪ್ರಿಂಗ್. ಉರುಳೆ ತಿರುಗದಂತೆ ಒಂದು ಉಕ್ಕಿನ ತಟ್ಟೆ ಜಾರುಪಟ್ಟಿಗಳನ್ನು ಅಡ್ಡಗಟ್ಟಿರುತ್ತದೆ. ಪ್ರತಿಯೊಂದು ಪಟ್ಟಿಯಲ್ಲೂ ಒಂದೊಂದು ಕಚ್ಚು, ಆದರೆ ಬೇರೆ ಬೇರೆ ಜಾಗದಲ್ಲಿ. ಕೊಳವೆಯನ್ನು ಒತ್ತಿದಾಗ ಪಟ್ಟಿಗಳು ಅವುಗಳಿಗೆ ನಿಯತವಾದ ಆಳಕ್ಕೆ ಇಳಿದು, ಕಚ್ಚುಗಳೆಲ್ಲ ತಟ್ಟೆಯ ನೇರಕ್ಕೆ ಬರುತ್ತವೆ. ಆಗ ಮಾತ್ರ ಉರುಳೆ ತಿರುಗುತ್ತದೆ. ಒಂದೇ ಒಂದು ಪಟ್ಟಿ ಕೂದಲೆಳೆಯಷ್ಟು ಮೇಲೋ ಕೆಳಗೋ ನಿಂತರೂ ಬೀಗ ಬಾಯಿಬಿಡದು.

ನೋಡಿ, ಒಂದು ಪರಿಚ್ಛೇದದಲ್ಲಿ ನಾನು ಬ್ರಾಮಾನ ಬೀಗವನ್ನು ‘ವಿವರಿಸಿದೆ’. ಪರೀಕ್ಷೆಯಲ್ಲಿ ಬರೆದರೆ ಐದಕ್ಕೆ ಐದು ಅಂಕ. ಆದರೆ ಇದನ್ನು ಓದಿ ನಿಮ್ಮಲ್ಲಿ ಯಾರಾದರೂ ಆ ಬೀಗವನ್ನು ಮಾಡಬಲ್ಲಿರಾ? ಹೇಗೆ ಕೆಲಸ ಮಾಡುತ್ತದೆಂದು ತಿಳಿಯುವುದು ಬೇರೆ. ಹೇಗೆ ಮಾಡಬೇಕೆಂದು ತಿಳಿಯುವುದು ಬೇರೆ.

ಈ ವ್ಯತ್ಯಾಸ ಬ್ರಾಮಾನನ್ನೇ ಕಾಡಿತು. ಬೀಗದ ತತ್ತ್ವ ಕಾಗದದ ಮೇಲೆ ಸೊಗಸಾಗಿತ್ತು. ಮಾಡಲು ಕುಳಿತಾಗ, ಅಷ್ಟು ಸೂಕ್ಷ್ಮವಾದ ಸೀಳು ಮತ್ತು ಕಚ್ಚುಗಳನ್ನು ಕೈಯಿಂದ ಅರದಲ್ಲಿ ಉಜ್ಜಿ ತೆಗೆಯುವುದು ಒಳ್ಳೆಯ ಕೆಲಸಗಾರರಿಗೂ ಕಷ್ಟವಾಯಿತು. ಒಂದೊಂದು ಬೀಗವೂ ದುಬಾರಿಯಾಯಿತು. ಆಗ, 1789ರಲ್ಲಿ, ಅವನಿಗೆ ಸಿಕ್ಕವನು ಹದಿನೆಂಟು ವರ್ಷದ ಹೆನ್ರಿ ಮಾಡ್ಸ್ಲೆ. ವೂಲಿಚ್‌ನ ಮದ್ದುಗುಂಡಿನ ಕಾರ್ಖಾನೆಯಲ್ಲಿ ಹನ್ನೆರಡನೆಯ ವಯಸ್ಸಿಗೇ ಕೂಲಿಗೆ ಸೇರಿ, ಬಡಗಿಯ ಅಂಗಳದಿಂದ ಕಮ್ಮಾರಸಾಲೆಗೆ ಹೋಗಿ ಪಳಗಿದ ಹುಡುಗ. ಅವನು ಬೀಗವನ್ನಷ್ಟೇ ಮಾಡಲಿಲ್ಲ. ಬೀಗದ ಬಿಡಿಭಾಗಗಳನ್ನು ಮಾಡುವ ಯಂತ್ರಗಳನ್ನು ಬ್ರಾಮಾನ ಜೊತೆ ಸೇರಿ ಕಟ್ಟಿದ. ಉರುಳೆಯಲ್ಲಿ ಸೀಳು ಕೊಯ್ಯಲು ಒಂದು, ಸ್ಪ್ರಿಂಗ್ ಸುತ್ತಲು ಇನ್ನೊಂದು. ಕೈಚಳಕದಲ್ಲಿದ್ದುದು ಯಂತ್ರದ ಅಳತೆಗೆ ಇಳಿಯಿತು. ಎಂಟು ವರ್ಷ ದುಡಿದು, ವಾರಕ್ಕೆ ಮೂವತ್ತು ಷಿಲಿಂಗ್ ಸಂಬಳ ಸಾಲದೆಂದು ಕೇಳಿ, ಇಲ್ಲವೆನ್ನಿಸಿಕೊಂಡು, 1797ರಲ್ಲಿ ಹೊರಬಿದ್ದು ಅವನು ಸ್ವಂತ ಕಾರ್ಖಾನೆ ತೆರೆದ. ಇಂದಿನ ಲೇತುಗಳ ಚರಿತ್ರೆಯಲ್ಲಿ ಅವನ ಹೆಸರು ಮೊದಲ ಸಾಲಿನಲ್ಲಿದೆ.

ಹಾಗಾದರೆ 1784ರ ಬ್ರಾಮಾನ ಕಾಗದ ಅಪೂರ್ಣವಾಗಿತ್ತೇ? ಅದರಲ್ಲಿ ಈ ಯಂತ್ರಗಳ ಸುಳಿವಿಲ್ಲ. ಇರಲು ಸಾಧ್ಯವೂ ಇಲ್ಲ, ಅವು ಹುಟ್ಟಿದ್ದೇ ಐದು ವರ್ಷದ ಮೇಲೆ. ನುರಿತ ಕೆಲಸಗಾರನು ಕಷ್ಟಪಟ್ಟಾದರೂ ಒಂದು ಬೀಗ ಮಾಡುವಷ್ಟು ಅದರಲ್ಲಿದ್ದರೆ ಸಾಕು. ನೂರು ಬೀಗಗಳನ್ನು ಅಗ್ಗವಾಗಿ ಮಾಡುವ ಬಗೆ ಮುಂದೆ ತಿಳಿದುಬಂದರೆ ಅದು ಬೇರೆ ಮಾತು. ತನಗೇ ಗೊತ್ತಿಲ್ಲದುದನ್ನು ಬರೆಯಲಿಲ್ಲವೆಂದು ಯಾರನ್ನೂ ದೂರಲಾಗದು. ಗೊತ್ತಿದ್ದೂ ಬಿಟ್ಟವನ ಮಾತು ಹಾಗಲ್ಲ. ನನ್ನ ವಿದ್ಯಾರ್ಥಿಗೆ ನಾನು ಹೇಳಬೇಕಾದ ಮೊದಲ ಮಾತು ಇಲ್ಲಿ ಸಿಕ್ಕಿತು.

ಇತಿಹಾಸಕ್ಕೆ ವಿನೋದದ ಸ್ವಭಾವವೂ ಇದೆ. ಈ ಬ್ರಾಮಾನೇ ಇನ್ನೊಬ್ಬನ ಪೇಟೆಂಟ್ ವಿವರಣೆ ಸಾಲದೆಂದು ಸಾರ್ವಜನಿಕವಾಗಿ ದೂರಿದ. ಆ ಇನ್ನೊಬ್ಬ ಬೇರೆ ಯಾರೂ ಅಲ್ಲ, ಜೇಮ್ಸ್ ವಾಟ್! ಉಗಿಯನ್ನು ಪ್ರತ್ಯೇಕ ಪಾತ್ರೆಯಲ್ಲಿ ತಂಪುಗೊಳಿಸುವ ವಾಟ್‌ನ 1769ರ ಪೇಟೆಂಟ್‌ಗೆ 1775ರಲ್ಲಿ ಪಾರ್ಲಿಮೆಂಟು ವಿಶೇಷ ಕಾಯಿದೆಯ ಮೂಲಕ 1800ರವರೆಗೆ ಆಯುಷ್ಯ ಕೊಟ್ಟಿತ್ತು. ಆದರೆ ಮೂಲ ವಿವರಣೆಯಲ್ಲಿ ಒಂದು ಚಿತ್ರವೂ ಇರಲಿಲ್ಲ. ಮುಖ್ಯ ತತ್ತ್ವಗಳನ್ನಷ್ಟೇ ಬರೆದಿತ್ತು. ಇದೇ ವಾಟ್ 1785ರಲ್ಲಿ ಆರ್ಕ್‌ರೈಟ್‌ನ ಪರ ಸಾಕ್ಷಿ ಹೇಳಿ, ಅವನ ವಿವರಣೆ ಸಾಕಾಗುತ್ತದೆ ಎಂದಿದ್ದ! ಮಸುಕಾದ ವಿವರಣೆಗಳೆಲ್ಲ ಬಿದ್ದುಹೋದರೆ ತನ್ನದರ ಗತಿಯೇನೆಂಬ ಅಳುಕು ಅವನಿಗೂ ಇದ್ದಿರಬೇಕು.

1795ರಲ್ಲಿ ಒಂದು ಮೊಕದ್ದಮೆಯಲ್ಲಿ ನಾಲ್ವರು ನ್ಯಾಯಾಧೀಶರು ಈ ಪೇಟೆಂಟಿನ ಮೇಲೆ ಇಬ್ಬರು ಈಕಡೆ, ಇಬ್ಬರು ಆಕಡೆ ಎಂದು ಒಡೆದರು. 1796ರ ಡಿಸೆಂಬರಿನಲ್ಲಿ ಹಾರ್ನ್‌ಬ್ಲೋವರ್ ಮತ್ತು ಮೇಬರ್ಲಿ ಎಂಬವರ ಮೇಲೆ ವಾಟ್ ಮತ್ತು ಅವನ ಪಾಲುದಾರ ಬೌಲ್ಟನ್ ಹೂಡಿದ ದಾವೆಯಲ್ಲಿ ಬ್ರಾಮಾ ಪ್ರತಿವಾದಿಗಳ ಪರ ಸಾಕ್ಷಿಯಾಗಿ ನಿಂತ. ಹೇಳಬೇಕೆಂದಿದ್ದುದನ್ನೆಲ್ಲ ಹೇಳಲಾಗದೆ, ಮರುವರ್ಷ ನ್ಯಾಯಾಧೀಶ ಸರ್ ಜೇಮ್ಸ್ ಐರ್‌ಗೆ ದೀರ್ಘ ಪತ್ರವೊಂದನ್ನು ಬರೆದು ಅಚ್ಚು ಹಾಕಿಸಿದ. ಆ ಕಾಗದವನ್ನು ನೋಡಿ ಕೆಲಸಗಾರನು ಎಂಜಿನ್ ಕಟ್ಟಲಾರ ಎಂಬುದೇ ಅವನ ವಾದದ ತಿರುಳು. ಬೀಗ ಮಾಡುವವನಿಗೆ ‘ತತ್ತ್ವ ಹೇಳಿದರೆ ಸಾಕು’ ಎಂಬ ಮಾತು ರುಚಿಸದಿರುವುದು ಸಹಜವೇ. ಆದರೂ ಅಲ್ಲಿ ಗೆದ್ದವನು ವಾಟ್. ಎಂಜಿನ್ ಕಟ್ಟುವುದರಲ್ಲಿ ನುರಿತವನಿಗೆ ಅಷ್ಟು ಸಾಕೆಂದು ಪಂಚರು ಒಪ್ಪಿದರು. 1799ರಲ್ಲಿ ಮೇಲಿನ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಆರ್ಕ್‌ರೈಟ್ ಸೋತ ಪ್ರಶ್ನೆಯಲ್ಲೇ ವಾಟ್ ಗೆದ್ದ. ಆದ್ದರಿಂದ, ಎಷ್ಟು ಹೇಳಿದರೆ ಸಾಕು ಎಂಬ ಗೆರೆ ಕಲ್ಲಿನ ಮೇಲೆ ಕೊರೆದದ್ದಲ್ಲ. ಅದರ ಅಂಚಿನಲ್ಲಿ ನಡೆಯುವವನು ವರ್ಷಗಟ್ಟಲೆ ಕೋರ್ಟು ಅಲೆಯಲು ಸಿದ್ಧನಿರಬೇಕು. ಬೌಲ್ಟನ್ನನಂಥ ಹಣವಂತ ಪಾಲುದಾರನೂ ಇರಬೇಕು.

ಇನ್ನು ಕಳ್ಳನ ಪ್ರಶ್ನೆ. ಬ್ರಾಮಾ ಲಂಡನ್ನಿನ ಪಿಕಡಿಲಿಯ ತನ್ನ ಅಂಗಡಿಯ ಕಿಟಕಿಯಲ್ಲಿ ಹದಿನೆಂಟು ಜಾರುಪಟ್ಟಿಗಳ ಒಂದು ಬೀಗವನ್ನು ತೂಗುಹಾಕಿ, ಇದನ್ನು ತೆರೆಯುವ ಉಪಕರಣ ಮಾಡಿ ತಂದವನಿಗೆ ಇನ್ನೂರು ಗಿನಿ ಕೊಡುವೆನೆಂದು ಫಲಕ ಬರೆಸಿದ. ಅದನ್ನು ಮಾಡಿದ ಕೈ ಮಾಡ್ಸ್ಲೆಯದೇ ಎಂದು ಹೇಳುತ್ತಾರೆ. 1814ರಲ್ಲಿ ಬ್ರಾಮಾ ತೀರಿಕೊಂಡ, ಬೀಗ ತೆರೆಯಲಿಲ್ಲ. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನಕ್ಕೆ ಬಂದಿದ್ದ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಎಂಬ ಅಮೆರಿಕನ್ ಬೀಗದವನು ಅಂದು ಹೆಸರಾಗಿದ್ದ ಚಬ್ ಬೀಗವನ್ನು 25 ನಿಮಿಷಗಳಲ್ಲಿ ತೆರೆದು, ಆಮೇಲೆ ಬ್ರಾಮಾನ ಬೀಗಕ್ಕೆ ಕೈಹಾಕಿದ. ಹದಿನಾರು ದಿನಗಳಲ್ಲಿ ಹಂಚಿ, ಒಟ್ಟು 51 ಗಂಟೆ ಹೆಣಗಿ ಅದನ್ನು ತೆರೆದು ಬಹುಮಾನ ಪಡೆದ. ಆ ಬೀಗ ಈಗ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ.

ಹಾಬ್ಸ್ ಗೆದ್ದನೆಂದು ಆಗ ಊರೆಲ್ಲ ಗದ್ದಲವಾಯಿತು. ನನಗೆ ಕಾಣುವುದು ಇನ್ನೊಂದು ಮುಖ. 1784ರಿಂದ 1851ರವರೆಗೆ, 67 ವರ್ಷ, ಆ ಬೀಗದ ತತ್ತ್ವ ಕಾಗದದ ಮೇಲೆ ಎಲ್ಲರ ಕಣ್ಣೆದುರು ಬಿದ್ದಿತ್ತು. ಬ್ರಾಮಾ ಬೀಗಗಳ ರಚನೆಯ ಬಗ್ಗೆ ಸ್ವತಃ ಒಂದು ಪ್ರಬಂಧವನ್ನೇ ಅಚ್ಚು ಹಾಕಿಸಿದ್ದ. ಅಷ್ಟಾದರೂ ತೆರೆಯಲು ಅಂಥ ನಿಪುಣನೇ ಬರಬೇಕಾಯಿತು. ಒಳ್ಳೆಯ ಬೀಗದ ಭದ್ರತೆ ಅದರ ಕೈಯಲ್ಲಿದೆ, ಅದನ್ನು ಮಾಡುವ ಬಗೆಯ ಅಜ್ಞಾನದಲ್ಲಿಲ್ಲ. ತಿಳಿದೊಡನೆ ಬಾಯಿಬಿಡುವ ಬೀಗ ಬೀಗವೇ ಅಲ್ಲ.

ನಮ್ಮ ದೇಶದಲ್ಲಿ ಈ ಒಪ್ಪಂದ ಬಂದದ್ದು 1856ರ ಕಾಯಿದೆಯಿಂದ. ಆ ವರ್ಷ ಮಾರ್ಚ್ 3ರಂದು ಕಲ್ಕತ್ತದ ಜಾರ್ಜ್ ಆಲ್ಫ್ರೆಡ್ ಡಿ ಪೆನ್ನಿಂಗ್ ಎಂಬ ಎಂಜಿನಿಯರ್ ಪಂಖಾ ಎಳೆಯುವ ಯಂತ್ರಕ್ಕೆ ಮೊದಲ ಅರ್ಜಿ ಸಲ್ಲಿಸಿದ. ಇಂದು ನಡೆಯುತ್ತಿರುವುದು 1970ರ ಕಾಯಿದೆ, ಹಲವು ತಿದ್ದುಪಡಿಗಳೊಡನೆ. ಹಕ್ಕಿನ ಅವಧಿ 20 ವರ್ಷ. ಅದರ 10ನೆಯ ಕಲಮು ಎರಡು ಮಾತು ಹೇಳುತ್ತದೆ. ಆವಿಷ್ಕಾರವನ್ನೂ ಅದನ್ನು ನೆರವೇರಿಸುವ ವಿಧಾನವನ್ನೂ ಪೂರ್ಣವಾಗಿ, ವಿವರವಾಗಿ ಬರೆಯಬೇಕು. ಜೊತೆಗೆ ಅರ್ಜಿದಾರನಿಗೆ ತಿಳಿದಿರುವ ಅತ್ಯುತ್ತಮ ವಿಧಾನವನ್ನು ಬಹಿರಂಗಪಡಿಸಬೇಕು. ಇದರಲ್ಲಿ ತಪ್ಪಿದರೆ, ಪೇಟೆಂಟ್ ಸಿಕ್ಕಿದ ಮೇಲೂ 64ನೆಯ ಕಲಮಿನ ಪ್ರಕಾರ ಅದನ್ನು ರದ್ದು ಮಾಡಿಸಬಹುದು. ಒಮ್ಮೆ ಪೂರ್ಣ ವಿವರಣೆ ಸಲ್ಲಿಸಿದ ಮೇಲೆ ಅದರಲ್ಲಿಲ್ಲದ ಹೊಸ ಸಂಗತಿಯನ್ನು ತಿದ್ದುಪಡಿಯ ಹೆಸರಿನಲ್ಲಿ ತುಂಬಲೂ ಬರುವುದಿಲ್ಲ.

ಮುಂದಿನ ಭಾನುವಾರ ಅವನು ಬಂದಾಗ ಇದನ್ನೆಲ್ಲ ಹೇಳಿದೆ. ಅರೆಮನಸ್ಸಿನಿಂದ ಕೇಳಿಸಿಕೊಂಡ. “ನೀವು ಹೇಳುವುದು ಇನ್ನೂರು ವರ್ಷದ ಹಿಂದಿನ ಮಾತು ಸಾರ್” ಎಂದ. ಸರಿ, ಈ ಕಾಗದದ ನಿಜವಾದ ಓದುಗನ ಬಳಿಗೇ ಹೋಗೋಣವೆಂದು ಅವನನ್ನು ಬಸ್ ನಿಲ್ದಾಣದ ಹತ್ತಿರ ಕರೆದುಕೊಂಡು ಹೋದೆ. ಅಲ್ಲಿ ಹುಣಸೆಮರದ ಕೆಳಗೆ ನಲವತ್ತು ವರ್ಷದಿಂದ ಬೀಗ ರಿಪೇರಿ ಮಾಡುತ್ತಿರುವ ಸಾಬರಿದ್ದಾರೆ. ನಮ್ಮ ಶಾಲೆಯ ಎಷ್ಟೋ ಬೀಗಗಳಿಗೆ ಹೊಸ ಕೈ ಮಾಡಿಕೊಟ್ಟವರು. ಚಿತ್ರಗಳನ್ನು ಅವರ ಮುಂದೆ ಹರಡಿ, ಕರಡಿನ ಮಾತುಗಳನ್ನು ನಾನೇ ಕನ್ನಡದಲ್ಲಿ ಓದಿ ಹೇಳಿದೆ. ಅವರು ಕನ್ನಡಕ ಮೇಲೇರಿಸಿ ಬಹಳ ಹೊತ್ತು ನೋಡಿದರು. “ಯೋಚನೆ ಚೆನ್ನಾಗೈತೆ ಮೇಷ್ಟ್ರೇ” ಎಂದರು. ಆಮೇಲೆ ಕಪ್ಪು ಹಿಡಿದ ಬೆರಳನ್ನು ಚಿತ್ರದ ಮೇಲಿಟ್ಟು, “ಆದರೆ ಈ ಎರಡು ಪಟ್ಟಿ ಮಧ್ಯೆ ಸಂದು ಎಷ್ಟು ಬಿಡ್ಬೇಕು? ಜಾಸ್ತಿ ಬಿಟ್ರೆ ಧೂಳು ಕೂತ್ಕೊತೈತೆ, ಕಮ್ಮಿ ಬಿಟ್ರೆ ಹಿಡ್ಕೊತೈತೆ. ಮತ್ತೆ ಪಟ್ಟೀನ ಕಾಯಿಸಿ ಹದ ಮಾಡೋದು ಕಚ್ಚು ತೆಗೆಯೋಕೆ ಮುಂಚೇನೋ, ಆಮೇಲೋ? ಅದು ಇದ್ರಾಗೆ ಇಲ್ವಲ್ಲ” ಎಂದರು.

ನನ್ನ ವಿದ್ಯಾರ್ಥಿಯ ಮುಖ ನೋಡಿದೆ. ಅವನು ಬಚ್ಚಿಟ್ಟಿದ್ದುದು ಸರಿಯಾಗಿ ಆ ಎರಡೇ ಸಂಗತಿಗಳನ್ನು. ಅವೆರಡಿಲ್ಲದೆ ಆ ಬೀಗವನ್ನು ನಲವತ್ತು ವರ್ಷದ ಅನುಭವಸ್ಥರೂ ಮಾಡಲಾರರೆಂಬುದು ಅಲ್ಲೇ ಹುಣಸೆಮರದ ಕೆಳಗೆ ರುಜುವಾತಾಗಿತ್ತು. ದಾರಿಯಲ್ಲಿ ಅವನು ಹೆಚ್ಚು ಮಾತನಾಡಲಿಲ್ಲ. ಮನೆಯ ಗೇಟಿನ ಬಳಿ ಮಾತ್ರ, “ಹನ್ನೊಂದು ಕಡೆಯೂ ಅಳತೆ ಬರೆಯುತ್ತೇನೆ ಸಾರ್. ಆದರೆ ಭಯ ಹೋಗಿಲ್ಲ” ಎಂದ. ಭಯ ಬೇಡವೆಂದು ನಾನು ಹೇಳಲಿಲ್ಲ. ಒಡವೆ ಅವನ ಮನೆಯದು, ನನ್ನದಲ್ಲ. “ನಿನ್ನ ಹಕ್ಕಿಗೆ ಬೇಲಿ ಆ ಅಳತೆಗಳೇ, ಅವಿಲ್ಲದ ಕಾಗದ ಬೀಗದ ಕೈಯಿಲ್ಲದ ಬೀಗದಂತೆ” ಎಂದಷ್ಟೇ ಹೇಳಿದೆ. ಪಟ್ಟಣದ ಒಬ್ಬ ನುರಿತ ಪೇಟೆಂಟ್ ವಕೀಲರಿಗೂ ಒಮ್ಮೆ ತೋರಿಸೆಂದು ಸೇರಿಸಿದೆ.

ಅವನು ಹೋದ ಮೇಲೆ ಒಂದು ಸಂಗತಿ ನನ್ನನ್ನೇ ಚುಚ್ಚಿತು. ಮೂವತ್ತು ವರ್ಷ ಪ್ರಶ್ನೆಪತ್ರಿಕೆಗಳಲ್ಲಿ ನಾನು ಬರೆದದ್ದೇನು? ‘ಸೂಕ್ತ ಉದಾಹರಣೆಗಳೊಂದಿಗೆ ವಿವರಿಸಿರಿ.’ ಆ ‘ಸೂಕ್ತ’ದ ಅಳತೆಯನ್ನು ನಾನು ಎಂದಾದರೂ ಹೇಳಿದ್ದೆನೇ? ಒಳ್ಳೆಯ ಉತ್ತರ ಹೀಗಿರಬೇಕೆಂದು ಒಂದನ್ನಾದರೂ ಕಪ್ಪುಹಲಗೆಯ ಮೇಲೆ ಪೂರ್ತಿ ಬರೆದು ತೋರಿಸಿದ್ದೆನೇ? ಉತ್ತರ ಬರೆಯುವ ಹದ ಗೊತ್ತಿದ್ದ ನಾಲ್ಕು ಮಕ್ಕಳು ಅಂಕ ಪಡೆದರು. ಉಳಿದವರನ್ನು ‘ವಿವರಣೆ ಸಾಲದು’ ಎಂದು ಕೆಂಪುಶಾಯಿಯಲ್ಲಿ ಗೀಚಿ ಕಳುಹಿಸಿದೆ. ಸಾಲದ್ದು ಯಾರ ವಿವರಣೆಯೆಂದು ಆಗ ಹೊಳೆಯಲಿಲ್ಲ. ಇಸವಿ ತಪ್ಪಾಗಿ ಬರೆದು ಅಂಚಿನಲ್ಲಿ ಯಂತ್ರದ ಚಿತ್ರ ಬಿಡಿಸುತ್ತಿದ್ದ ಆ ಹುಡುಗನ ಉತ್ತರಪತ್ರಿಕೆಯ ಮೇಲೂ ಆ ಎರಡು ಪದಗಳಿದ್ದುವೆಂಬುದು ನನಗೆ ಚೆನ್ನಾಗಿ ನೆನಪಿದೆ. ಅವನು ಅದನ್ನು ಮರೆತಿದ್ದರೆ ನನ್ನ ಭಾಗ್ಯ.